ಹಿತ್ತಿಲಲ್ಲೊಂದು ಪುಟ್ಟ ಮನೆ

ಮನೆಯಲ್ಲಿ ಜಾಗ ಸಾಲುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಮನೆಗಳಲ್ಲಿ ಈ ಮಾತು ಈಗ ಮತ್ತೆ ಮತ್ತೆ ಕೇಳುತ್ತದೆ. ಮಗಳು ಬಾಣಂತನಕ್ಕೆ ಬರುತ್ತಾಳೆ, ಬೆಚ್ಚನೆಯ ಕೋಣೆ ಬೇಕು. ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುತ್ತಾನೆ, ಬಾಗಿಲು ಹಾಕಿಕೊಂಡು ಮಾತಾಡುವ ಜಾಗ ಬೇಕು. ಅಜ್ಜನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಮೊಮ್ಮಗಳಿಗೆ ಪಿಯುಸಿ ಪರೀಕ್ಷೆ. ಚೌತಿಗೆ ಮುಂಬೈಯಿಂದ, ಈದ್‌ಗೆ ದುಬೈಯಿಂದ ನೆಂಟರು ಬಂದಿಳಿದರೆ ಹಾಸಿಗೆ ಹಾಸುವುದೆಲ್ಲಿ?

ಇದಕ್ಕೆ ಹೆಚ್ಚಿನವರು ಕಂಡುಕೊಂಡ ಉತ್ತರ ಒಂದೇ. ಸ್ಲ್ಯಾಬಿನ ಮೇಲೆ ಇನ್ನೊಂದು ಮಹಡಿ. ಇವತ್ತು ನಾನು ಬೇರೆ ಉತ್ತರವೊಂದನ್ನು ನಿಮ್ಮ ಮುಂದಿಡುತ್ತೇನೆ. ಮಹಡಿ ಏರಿಸುವ ಮೊದಲು ಹಿತ್ತಿಲ ಕಡೆ ನೋಡಿ. ಅಲ್ಲೊಂದು ಪುಟ್ಟ ಕಟ್ಟಡ ಕಟ್ಟಬಹುದು. ಒಂದು ಕೋಣೆ, ಒಂದು ಬಚ್ಚಲು, ಒಂದು ಜಗಲಿ. ಒಂದೇ ಕೆಲಸಕ್ಕೆಂದು ಅದನ್ನು ಕಟ್ಟಬೇಡಿ. ಮನೆಯ ಅಗತ್ಯ ಬದಲಾದಂತೆ ಅದೂ ಬದಲಾಗಲಿ. ಮತ್ತು ಕಟ್ಟುವಾಗ ಮೊದಲು ಮಳೆಯನ್ನು ಕೇಳಿ, ಆಮೇಲೆ ಮನೆಯವರನ್ನು ಕೇಳಿ. ನನ್ನ ಮಾತು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಹೀಗೆ ಕಟ್ಟುವುದು ನಮ್ಮ ಕರಾವಳಿಗೆ ಹೊಸದೇನೂ ಅಲ್ಲ. ಹಳೆಯ ಮನೆಗಳ ಆವರಣವನ್ನು ನೆನಪು ಮಾಡಿಕೊಳ್ಳಿ. ಎದುರಿಗೆ ಅಂಗಳ, ಜಗಲಿ, ದೊಡ್ಡ ಮನೆ. ಹಿಂದೆ ಬಾವಿ. ಬಾವಿಯ ಹತ್ತಿರ ಬಚ್ಚಲುಮನೆ. ಸ್ವಲ್ಪ ದೂರದಲ್ಲಿ ದನದ ಕೊಟ್ಟಿಗೆ. ಅದರ ಪಕ್ಕ ಕಟ್ಟಿಗೆ, ದರಕು, ತೆಂಗಿನಕಾಯಿ ತುಂಬುವ ಮಾಡು. ಮೀನುಗಾರರ ಕೇರಿಯಲ್ಲಾದರೆ ಬಲೆ ಇಡುವ ಚಪ್ಪರ. ಕೆಲಸಕ್ಕೊಂದು ಸೂರು. ಹೊಗೆ, ತೇವ, ಬೆಂಕಿಯ ಭಯ ಇವೆಲ್ಲ ಮಲಗುವ ಮನೆಯಿಂದ ದೂರ ಇರುತ್ತಿದ್ದವು.

ಈಗ ಬಹಳ ಮನೆಗಳಲ್ಲಿ ದನವಿಲ್ಲ. ಅಡುಗೆ ಗ್ಯಾಸಿನ ಮೇಲೆ ಆಗುತ್ತದೆ. ಕೊಟ್ಟಿಗೆಯಲ್ಲಿ ಹಳೆಯ ಕುರ್ಚಿ, ತುಕ್ಕು ಹಿಡಿದ ಸೈಕಲ್ಲು, ಒಡೆದ ಹಂಚು ಬಿದ್ದಿರುತ್ತವೆ. ಹೊಸ ಕೋಣೆಗೆ ಜಾಗ ಹುಡುಕುವವರು ಮೊದಲು ಆ ಕೊಟ್ಟಿಗೆಯ ಜಾಗವನ್ನೇ ನೋಡಬೇಕು.

ಮೇಲ್ಮಹಡಿಗಿಂತ ಇದು ಯಾಕೆ ವಾಸಿ? ಕಾರಣ ಮೂರು. ಮೊದಲನೆಯದು ಭಾರ. ಒಂದು ಅಂತಸ್ತಿಗೆಂದು ಹಾಕಿದ ಹಳೆಯ ಪಂಚಾಂಗ ಎರಡನೆಯ ಅಂತಸ್ತನ್ನು ಹೊರುತ್ತದೆಂದು ಹೇಳಲಾಗದು. ಎರಡನೆಯದು ಮೆಟ್ಟಿಲು. ಹೆಚ್ಚಿನ ಕೋಣೆ ಹೆಚ್ಚಾಗಿ ಬೇಕಾಗುವುದು ವಯಸ್ಸಾದವರಿಗೆ, ಬಾಣಂತಿಗೆ, ಕಾಯಿಲೆಯವರಿಗೆ. ಅವರಿಗೆ ನೆಲದ ಮೇಲಿನ ಕೋಣೆಯೇ ಸರಿ. ಮೂರನೆಯದು ಸ್ಲ್ಯಾಬು. ನಮ್ಮ ಮಳೆಗೆ ಸಪಾಟು ಸ್ಲ್ಯಾಬು ಸೋರುತ್ತದೆ. ಕೆಲವು ವರ್ಷಗಳಲ್ಲಿ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುತ್ತೇವೆ. ಒಂದೇ ಮನೆಗೆ ಎರಡು ಮಾಡಿನ ಖರ್ಚು.

ಈವರೆಗೆ ಹೇಳಿದ್ದು, ಮಹಡಿಗಿಂತ ಹಿತ್ತಿಲು ಮೇಲು ಎಂದು. ಹಾಗಾದರೆ ಹಿತ್ತಿಲಲ್ಲಿ ಎಲ್ಲಿ? ಇದಕ್ಕೆ ಉತ್ತರ ಹೇಳಬೇಕಾದದ್ದು ಮಳೆ.

ನಮ್ಮ ಮೂರು ತಾಲೂಕುಗಳಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಬಿದ್ದ ನೀರು ಹರಿದು ಹೋಗದೆ ನಿಂತರೆ ಎರಡಾಳು ಎತ್ತರ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದುಬಿಡುತ್ತದೆ. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರ್ ಆಸುಪಾಸು. ಆದ್ದರಿಂದ ಬೆಂಗಳೂರಿಗೆಂದು ಬರೆದ ನಕ್ಷೆಯನ್ನು ತಂದು ಹೊನ್ನಾವರದಲ್ಲಿ ಹಾಗೇ ಕಟ್ಟಬಾರದು.

ಜಾಗ ಆರಿಸುವಾಗ ಮೂರು ಕಡೆ ಬಿಡಿ. ಮೊದಲನೆಯದು, ಗುಡ್ಡ ಕಡಿದು ಸಪಾಟು ಮಾಡಿದ ಜಾಗದ ಬುಡ. 2022ರ ಆಗಸ್ಟ್ 2ನ್ನು ಭಟ್ಕಳದವರು ಮರೆತಿಲ್ಲ. ಒಂದೇ ದಿನದಲ್ಲಿ 500 ಮಿಲಿಮೀಟರ್ ಮೀರಿ ಮಳೆ ಸುರಿಯಿತು. ಪೇಟೆಗೆ ನೀರು ನುಗ್ಗಿತು. ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ಕು ಜನ ತೀರಿಕೊಂಡರು. ಎರಡು ವರ್ಷದ ಬಳಿಕ, 2024ರ ಜುಲೈನಲ್ಲಿ, ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಕಡಿದ ಗುಡ್ಡದ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಹಿಡಿತ ಸಡಿಲವಾಗುತ್ತದೆ. ಆಮೇಲೆ ಜಾರುತ್ತದೆ. ಹಿತ್ತಿಲಿನ ಹಿಂದೆ ನಿಮ್ಮ ಎತ್ತರಕ್ಕಿಂತ ಹೆಚ್ಚಿನ ಮಣ್ಣಿನ ಕಡಿತವಿದ್ದರೆ, ಅದರ ಬುಡದಲ್ಲಿ ಮಲಗುವ ಕೋಣೆ ಬೇಡವೇ ಬೇಡ. ಜಾಗ ಅಗಲ ಮಾಡಲು ಗುಡ್ಡವನ್ನು ಇನ್ನಷ್ಟು ಕಡಿಯುವುದಂತೂ ಜೀವಕ್ಕೆ ಎರವು.

ಎರಡನೆಯದು, ಹೊಳೆಯ ನೆರೆ ಮುಟ್ಟುವ ಜಾಗ. ಭಟ್ಕಳದಲ್ಲಿ ಶರಾಬಿ ಹೊಳೆ, ಹೊನ್ನಾವರದಲ್ಲಿ ಶರಾವತಿ ಮತ್ತು ಗುಂಡಬಾಳ, ಕುಮಟೆಯಲ್ಲಿ ಅಘನಾಶಿನಿ. ಇವುಗಳ ದಂಡೆಯವರಿಗೆ ನೆರೆಯ ಗುರುತು ಗೊತ್ತಿದೆ. ಹಿರಿಯರನ್ನು ಕೇಳಿ. ಅವರ ಕಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಅದಕ್ಕಿಂತ ಎತ್ತರದಲ್ಲಿ ನೆಲ ಇರಲಿ.

ಮೂರನೆಯದು, ನೀರು ಹರಿಯುವ ದಾರಿ. ಪ್ರತಿ ಹಿತ್ತಿಲಲ್ಲೂ ಮಳೆನೀರಿಗೆ ಅದರದೇ ದಾರಿಯಿದೆ. ಬೇಸಿಗೆಯಲ್ಲಿ ಅದು ಕಾಣುವುದಿಲ್ಲ. ಅದರ ಮೇಲೆ ಕಟ್ಟಿದರೆ ನೀರು ನಿಮ್ಮ ಕೋಣೆಗೆ ಬರುತ್ತದೆ, ಇಲ್ಲವೇ ನೆರೆಮನೆಗೆ ಹೋಗುತ್ತದೆ. ಎರಡರಿಂದಲೂ ಜಗಳ.

ಇನ್ನೊಂದು ಮಾತು. ದೊಡ್ಡ ಮನೆಗೂ ಹೊಸ ಕಟ್ಟಡಕ್ಕೂ ನಡುವೆ 10ರಿಂದ 15 ಅಡಿ ಬಿಡಿ. ಎರಡು ಮಾಡುಗಳ ನೀರು ಒಂದೇ ಸಂದಿಯಲ್ಲಿ ಸುರಿಯಬಾರದು. ಗಾಳಿ ಓಡಾಡಬೇಕು. ಆದರೆ ನಡುವಿನ ದಾರಿಗೆ ಸೂರು ಇರಲಿ. ಆಷಾಢದ ರಾತ್ರಿ ಅಜ್ಜಿಗೆ ಬಿಸಿನೀರು ಒಯ್ಯುವವರು ಕೊಡೆ ಹಿಡಿದು ಜಾರಬಾರದು.

ಜಾಗ ಆಯಿತು. ಗುಡ್ಡದ ಬುಡ ಬೇಡ, ನೆರೆಯ ಮಟ್ಟ ಬೇಡ, ನೀರಿನ ದಾರಿ ಬೇಡ. ಈಗ ಮಾಡಿನ ವಿಚಾರ. ಗೋಡೆಗಿಂತ ಮೊದಲು ಮಾಡಿನ ಮಾತು ಆಡುತ್ತಿದ್ದೇನೆ. ನಮ್ಮ ಸೀಮೆಯಲ್ಲಿ ಕಟ್ಟಡದ ಆಯುಷ್ಯ ಮಾಡಿನ ಕೈಯಲ್ಲಿದೆ.

ಭಟ್ಕಳದ ಹಳೆಯ ಗುಡಿಗಳನ್ನು ನೀವು ನೋಡಿರಬಹುದು. ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಮೂಡಭಟ್ಕಳದಲ್ಲಿ ಕೇತಪೈ ನಾರಾಯಣ ದೇವಾಲಯ. ನೋಡದವರಿಗಾಗಿ ಹೇಳುತ್ತೇನೆ. ಇವು ಪೂರ್ತಿ ಕಲ್ಲಿನ ಕಟ್ಟಡಗಳು. ಮಾಡೂ ಕಲ್ಲಿನದೇ. ಆದರೆ ಸಪಾಟಾಗಿಲ್ಲ. ದೊಡ್ಡ ದೊಡ್ಡ ಚಪ್ಪಡಿಗಳು ಹಂಚಿನ ಮಾಡಿನಂತೆ ಓರೆಯಾಗಿ ಇಳಿದು, ಗೋಡೆ ದಾಟಿ ಹೊರಗೆ ಚಾಚಿವೆ. ಬದಿಗಳಲ್ಲಿ ಕಲ್ಲಿನ ಪಟ್ಟಿಗಳ ಜಾಲಂಧ್ರ. ಗಾಳಿ ಒಳಗೆ ಬರುತ್ತದೆ, ಇರಚಲು ಬರುವುದಿಲ್ಲ. ಘಟ್ಟದ ಮೇಲೆ ಶಿಲ್ಪಿಗಳು ಗೋಪುರ ಎತ್ತುತ್ತಿದ್ದ 16ನೇ ಶತಮಾನದಲ್ಲಿ ನಮ್ಮ ಕರಾವಳಿಯವರು ದೇವರ ಮನೆಗೂ ಇಳಿಜಾರು ಮಾಡು ಹೊದಿಸಿದರು. ಮಳೆಯನ್ನು ಬಲ್ಲವರ ಕೆಲಸ ಅದು. ನಮ್ಮ ಪುಟ್ಟ ಕಟ್ಟಡಕ್ಕೂ ಬೇಕಾದದ್ದು ಈ ಮೂರೇ. ಇಳಿಜಾರು, ಚಾಚಿದ ಸೂರು, ಗಾಳಿಯಾಡುವ ಬದಿ.

ಇಳಿಜಾರು ಎಷ್ಟು? ಮಂಗಳೂರು ಹಂಚಿಗೆ ಪ್ರತಿ ಒಂದು ಅಡಿಗೆ ಸುಮಾರು 7 ಇಂಚು ಏರು ಕೊಡಿ. ಬಡಗಿಗಳಿಗೆ ಇದು ಗೊತ್ತಿದೆ. ಹಂಚು ಉಳಿಸಲು ಇಳಿಜಾರನ್ನು ತಗ್ಗಿಸಿದರೆ ಗಾಳಿಮಳೆಗೆ ನೀರು ಹಂಚಿನ ಅಡಿಗೆ ನುಗ್ಗುತ್ತದೆ. ಸೂರು ಗೋಡೆಯಿಂದ 3 ಅಡಿ ಹೊರಗೆ ಚಾಚಲಿ. ಎರಡೇ ಕಡೆ ಇಳಿಯುವ ಮಾಡಿಗಿಂತ ನಾಲ್ಕೂ ಕಡೆ ಇಳಿಯುವ ಮಾಡು ಒಳ್ಳೆಯದು. ಆಗ ಪಡುವಣ ಗೋಡೆಯೂ ನೆನೆಯುವುದಿಲ್ಲ.

ಹಂಚೇ ಯಾಕೆ, ತಗಡಿನ ಶೀಟು ಸಾಲದೇ ಎಂದು ಕೇಳಬಹುದು. ಕಟ್ಟಿಗೆ ಇಡಲು ಶೀಟು ಸಾಕು. ಮನುಷ್ಯರು ಇರುವ ಕೋಣೆಗೆ ಸಾಲದು. ಏಪ್ರಿಲ್‌ನಲ್ಲಿ ಶೀಟಿನ ಅಡಿ ಕೂರಲಾಗದಷ್ಟು ಸೆಕೆ. ಜುಲೈನಲ್ಲಿ ಅದರ ಮೇಲೆ ಮಳೆ ಬೀಳುವ ಸದ್ದು ನಿಮಗೆ ಗೊತ್ತೇ ಇದೆ. ಆ ಸದ್ದಿನಲ್ಲಿ ಎಳೆಮಗು ಮಲಗುವುದಿಲ್ಲ. ಫೋನಿನ ಮಾತು ಕೇಳಿಸುವುದಿಲ್ಲ. ಹಂಚಿನ ಮೇಲೆ ಮಳೆ ಮೆತ್ತಗೆ ಕೇಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಈ ಹಂಚು ಹಬ್ಬಿತು. ಮುಳಿಹುಲ್ಲು, ಮಡಲುಗಳ ಜಾಗದಲ್ಲಿ ಕೂತಿತು. ಮಳೆಗೂ ಉಪ್ಪುಗಾಳಿಗೂ ತಾಳಿತು.

ಹಳೆಯ ಮನೆ ಕೆಡವಿದಲ್ಲಿ ಒಳ್ಳೆಯ ಹಂಚು, ಪಕಾಸು, ಬಾಗಿಲು ಕಡಿಮೆ ದರಕ್ಕೆ ಸಿಗುತ್ತವೆ. ಹಳೆಯ ಹಂಚನ್ನು ಪರೀಕ್ಷಿಸುವುದು ಸುಲಭ. ಒಂದು ಕೈಯಲ್ಲಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಎಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಬಿರುಕಿದೆ ಎಂದರ್ಥ. ಪಕಾಸಿಗೆ ಉಗುರು ಒತ್ತಿ ನೋಡಿ, ಕುಟ್ಟಿ ನೋಡಿ. ಒಳಗೆ ಒರಲೆ ತಿಂದಿದ್ದರೆ ಟೊಳ್ಳು ಸದ್ದು ಬರುತ್ತದೆ. ಮರದ ಬದಲು ಕಬ್ಬಿಣದ ಪೈಪು ಹಾಕುವವರು ಸತು ಲೇಪಿಸಿದ ಪೈಪನ್ನೇ ತನ್ನಿ. ಬೆಸುಗೆ ಹಾಕಿದ ಕಡೆ ಆ ಲೇಪ ಸುಟ್ಟು ಹೋಗುತ್ತದೆ. ಅಲ್ಲಿ ಬಣ್ಣ ಬಳಿಯದಿದ್ದರೆ ಸಮುದ್ರದ ಗಾಳಿ ಮೊದಲು ತಿನ್ನುವುದು ಅದನ್ನೇ.

ಜಾಗ ಆಯಿತು, ಮಾಡೂ ಆಯಿತು. ಒಂದು ಅಡಿಗೆ 7 ಇಂಚು ಏರು, 3 ಅಡಿ ಸೂರು, ಮೇಲೆ ಹಂಚು. ಇನ್ನು ಗೋಡೆ ಮತ್ತು ಪಂಚಾಂಗ.

ಗೋಡೆಗೆ ನಮ್ಮ ಚಿರೇಕಲ್ಲು ಇದೆ. ನೆಲದಡಿಯಲ್ಲಿ ಇರುವಾಗ ಮೆದು. ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು ಈ ಕಲ್ಲಿಗೆ ಇಟ್ಟವನು ಫ್ರಾನ್ಸಿಸ್ ಬುಕಾನನ್. 1800ರ ಆಸುಪಾಸಿನಲ್ಲಿ ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ವೈದ್ಯ ಆತ. ಮಲಬಾರಿನ ಜನ ಈ ಕಲ್ಲನ್ನು ನೆಲದಿಂದ ಕೊಯ್ದು ತೆಗೆದು ಗೋಡೆ ಕಟ್ಟುವುದನ್ನು ಕಂಡು ಅವನು ಬರೆದಿಟ್ಟ. ನಮ್ಮಲ್ಲೂ ಅದೇ ಕಲ್ಲು, ಅದೇ ಕೆಲಸ.

ಕಲ್ಲು ಕೊಳ್ಳುವಾಗ ಅವಸರ ಬೇಡ. ಬಿಳಿ, ಹಳದಿ ಜೇಡಿಯ ಗೂಡುಗಳು ಹೆಚ್ಚಿರುವ ಕಲ್ಲು ಬೇಗ ಕರಗುತ್ತದೆ. ಕೆಲವು ಕಲ್ಲನ್ನು ಇಡೀ ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಅಂಚು ಉದುರಿದರೆ ಆ ಕ್ವಾರಿಯ ಕಲ್ಲು ಬೇಡ. ಕಡಿದ ಕಲ್ಲನ್ನು ಕೆಲವು ವಾರ ಗಾಳಿಗೆ ಒಡ್ಡಿ, ಆಮೇಲೆ ಕಟ್ಟಿ. ಒಳ್ಳೆಯ ಕಲ್ಲಿಗೆ ಹೊರಗಡೆ ಗಿಲಾವು ಬೇಕಿಲ್ಲ. ಸಂದು ತುಂಬಿದರೆ ಸಾಕು. 3 ಅಡಿಯ ಸೂರು ಇದ್ದರೆ ಗೋಡೆ ನೆನೆಯುವುದೂ ಇಲ್ಲ. ಗಿಲಾವಿನ ಹಣ ಉಳಿಯುತ್ತದೆ.

ಚಿರೇಕಲ್ಲನ್ನು ನೆಲದಡಿಗೆ ಹಾಕಬೇಡಿ. ಪಂಚಾಂಗಕ್ಕೆ ಕರಿಕಲ್ಲು ಇರಲಿ. ನೆಲಮಟ್ಟ ಅಂಗಳಕ್ಕಿಂತ 2 ಅಡಿ ಎತ್ತರ ಬರಲಿ. ಪಂಚಾಂಗ ಮುಗಿದು ಗೋಡೆ ಶುರುವಾಗುವಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕಿಸಿ. ನೆಲದ ತೇವ ಗೋಡೆಗೆ ಏರುವುದನ್ನು ಅದು ತಡೆಯುತ್ತದೆ. ಗಾರೆಗೆ ಸಮುದ್ರದ ಮರಳು ಸಲ್ಲದು. ಅದರಲ್ಲಿರುವ ಉಪ್ಪು ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ, ಗೋಡೆಯ ಮೇಲೆ ಬಿಳಿಯಾಗಿ ಉಕ್ಕುತ್ತದೆ.

ಹಳೆಯ ಕೊಟ್ಟಿಗೆಯನ್ನೇ ಕೋಣೆ ಮಾಡಿಕೊಳ್ಳುವವರಿಗೆ ಒಂದು ಎಚ್ಚರಿಕೆ. ದನದ ಗಂಜಲ ಹೀರಿದ ಗೋಡೆಯ ಬುಡದಲ್ಲಿ ಉಪ್ಪು ಕೂತಿರುತ್ತದೆ. ಮೇಲೆ ಹೊಸ ಗಿಲಾವು ಮಾಡಿದರೆ ಮಳೆಗಾಲದಲ್ಲಿ ಉದುರಿ ಬೀಳುತ್ತದೆ. ಹಳೆಯ ಗಿಲಾವನ್ನು ಕಿತ್ತು, ನೆಲ ಅಗೆದು, ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಿ. ತೀರಾ ಸವೆದ ಕಲ್ಲನ್ನು ಬದಲಿಸಿ. ಆಮೇಲೆ ಮುಂದುವರಿಯಿರಿ.

ಇಲ್ಲಿಯವರೆಗೆ ಮಳೆಯ ಮಾತಾಯಿತು. ಎಲ್ಲಿ ಕಟ್ಟಬೇಕು, ಹೇಗೆ ಹೊದಿಸಬೇಕು, ಯಾವುದರಿಂದ ಕಟ್ಟಬೇಕು ಎಂದು ನೋಡಿದೆವು. ಈಗ ಮನೆಯವರ ಮಾತು. ಒಂದೇ ಕಟ್ಟಡ ಹಲವು ಕೆಲಸಕ್ಕೆ ಒದಗುವುದು ಹೇಗೆ?

ನಕ್ಷೆಯನ್ನು ಮಾತಿನಲ್ಲೇ ಬಿಡಿಸುತ್ತೇನೆ. ಹತ್ತಿರ ಕಾಗದ, ಪೆನ್ಸಿಲ್ ಇದ್ದರೆ ಗುರುತು ಹಾಕಿಕೊಳ್ಳಿ. ಮೂಡಣದಿಂದ ಪಡುವಣಕ್ಕೆ 20 ಅಡಿ ಉದ್ದ. ತೆಂಕಣದಿಂದ ಬಡಗಣಕ್ಕೆ 18 ಅಡಿ ಅಗಲ. ಇದರಲ್ಲಿ ಬಡಗಣ ಬದಿಯ 6 ಅಡಿ ಜಗಲಿ. ಅದಕ್ಕೆ ಗೋಡೆ ಬೇಡ, ಮರದ ದಳಿ ಸಾಕು. ಜಗಲಿಯ ಹಿಂದೆ ಕೋಣೆ. 13 ಅಡಿ ಉದ್ದ, 11 ಅಡಿ ಅಗಲ. ಪಡುವಣ ತುದಿಯಲ್ಲಿ 5 ಅಡಿ ಅಗಲದ ಪಟ್ಟಿ ಉಳಿಯುತ್ತದೆ. ಅದನ್ನು ಎರಡು ಮಾಡಿ. ದೊಡ್ಡ ಪಾಲು ಬಚ್ಚಲು ಮತ್ತು ಪಾಯಖಾನೆಗೆ. ಸಣ್ಣ ಪಾಲು ಸಾಮಾನು ಇಡಲು. ಗೋಡೆಯ ಎತ್ತರ 9 ಅಡಿ.

ಬಚ್ಚಲು ಪಡುವಣಕ್ಕೇ ಯಾಕೆ? ನಮ್ಮ ಮಳೆ ತೆಂಕಣ ಪಡುವಣದಿಂದ ಬೀಸಿ ಹೊಡೆಯುತ್ತದೆ. ಬೇಸಿಗೆಯಲ್ಲಿ ಸಂಜೆಯ ಬಿಸಿಲು ಕಾಯಿಸುವುದೂ ಪಡುವಣ ಗೋಡೆಯನ್ನೇ. ಆ ಎರಡನ್ನೂ ಬಚ್ಚಲು, ಸಾಮಾನಿನ ಕೋಣೆ ತಡೆದುಕೊಳ್ಳಲಿ. ಒಳಗೆ ಮಲಗಿದವರಿಗೆ ಮಳೆಯೂ ತಾಗದು, ಬಿಸಿಲೂ ತಾಗದು. ಜಗಲಿ ಬಡಗಣಕ್ಕಿದ್ದರೆ ಇರಚಲು ಕಡಿಮೆ. ಕಿಟಕಿಗಳು ಮೂಡಣಕ್ಕೆ, ಬಡಗಣಕ್ಕೆ ದೊಡ್ಡದಿರಲಿ. ತೆಂಕಣಕ್ಕೆ ಮೇಲ್ಮಟ್ಟದಲ್ಲಿ ಸಣ್ಣ ಜಾಲಂಧ್ರ ಇಡಿ. ಗಾಳಿ ಅಡ್ಡ ಹಾಯಬೇಕು. ಇಲ್ಲದಿದ್ದರೆ ಶ್ರಾವಣದ ಹೊತ್ತಿಗೆ ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ.

ಬಾಗಿಲು ಎರಡು ಇರಲಿ. ಒಂದು ದೊಡ್ಡ ಮನೆಯ ಕಡೆಗೆ, ಇನ್ನೊಂದು ಜಗಲಿಯ ಮೂಲಕ ಹೊರದಾರಿಗೆ. ಈ ಎರಡನೆಯ ಬಾಗಿಲೇ ಕೋಣೆಗೆ ಹಲವು ಉಪಯೋಗ ತಂದುಕೊಡುತ್ತದೆ. ಟ್ಯೂಷನ್ನಿಗೆ ಬರುವ ಮಕ್ಕಳು, ಬಟ್ಟೆ ಹೊಲಿಸಲು ಬರುವವರು ನಿಮ್ಮ ನಡುಮನೆ ದಾಟಿ ಹೋಗಬೇಕಾಗಿಲ್ಲ. ಮುಂದೆ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಬರುವ ಯಾತ್ರಿಕರಿಗೆ ಪರವಾನಗಿ ಪಡೆದು ಕೋಣೆ ಕೊಡಬೇಕೆನಿಸಿದರೂ ಆಗ ಹೊಸದಾಗಿ ಗೋಡೆ ಒಡೆಯುವ ಕೆಲಸವಿಲ್ಲ.

ಕೋಣೆಯೊಳಗೆ ಏನನ್ನೂ ಗೋಡೆಗೆ ಬಿಗಿಯಬೇಡಿ. ಸಿಮೆಂಟಿನ ಮಂಚ, ಸಿಮೆಂಟಿನ ಮೇಜು ಬೇಡ. ಇಂದು ಮಂಚ ಇದ್ದಲ್ಲಿ ನಾಳೆ ಹೊಲಿಗೆ ಯಂತ್ರ ಬರಬಹುದು. ಬಾಗಿಲ ಎತ್ತರದಲ್ಲಿ ಸುತ್ತ ಒಂದು ಹಲಗೆ ಹಾಕಿಸಿ. ಪೆಟ್ಟಿಗೆ, ಪುಸ್ತಕ, ಚಾದರ ಎಲ್ಲ ಮೇಲಿರುತ್ತವೆ, ನೆಲ ಖಾಲಿ ಇರುತ್ತದೆ. ನೆಲ ಖಾಲಿ ಇದ್ದರೆ ಚೌತಿಯ ರಾತ್ರಿ ಆರೇಳು ಜನ ಸಾಲಾಗಿ ಮಲಗಬಹುದು.

ಬಾಗಿಲು 3 ಅಡಿಗಿಂತ ಕಡಿಮೆ ಬೇಡ. ಗಾಲಿಕುರ್ಚಿ ಒಳಗೆ ಹೋಗಬೇಕು. ಬಚ್ಚಲಿಗೆ ಹೊಸ್ತಿಲು ಬೇಡ. ಕಮೋಡಿನ ಪಕ್ಕದ ಗೋಡೆಗೆ ಹಿಡಿದು ಏಳಲು ಒಂದು ಸರಳು ಇರಲಿ. 2 ಅಡಿ ಎತ್ತರದ ನೆಲಕ್ಕೆ ಗಾಲಿಕುರ್ಚಿ ಹತ್ತಬೇಕಾದರೆ ಸುಮಾರು 24 ಅಡಿ ಉದ್ದದ ಇಳಿಜಾರು ಬೇಕು. ಅಷ್ಟು ಜಾಗ ಇಲ್ಲದವರು ಹೊಸ ಕಟ್ಟಡದ ನೆಲವನ್ನು ದೊಡ್ಡ ಮನೆಯ ಹಿಂಬಾಗಿಲ ಮಟ್ಟಕ್ಕೇ ಇಟ್ಟು, ನಡುವೆ ಸಮನಾದ ಕಟ್ಟೆ ಕಟ್ಟಿ. ಮನೆಯಲ್ಲಿ ಈಗ ವಯಸ್ಸಾದವರಿಲ್ಲ ಎಂದು ಇದನ್ನು ಬಿಡಬೇಡಿ. ಕಟ್ಟಡ ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಆ ಹೊತ್ತಿಗೆ ಕಟ್ಟಿಸಿದವರಿಗೇ ವಯಸ್ಸಾಗಿರುತ್ತದೆ.

ಹಾಗೆ ಕಟ್ಟಿದರೆ ಒಂದೇ ಸೂರು ಏನೆಲ್ಲ ಆಗಬಹುದು, ನೋಡಿ. ಭಟ್ಕಳದಲ್ಲಿ ಮಲ್ಲಿಗೆ ಬೆಳೆಯುವ ಮನೆಯಲ್ಲಿ ಜಗಲಿಯೇ ಹೂ ಕಟ್ಟುವ ಜಾಗ. ಮೀನುಗಾರರ ಮನೆಯಲ್ಲಿ ಜೂನ್, ಜುಲೈನ ಎರಡು ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಬಲೆ ಹೆಣೆಯುವ, ಇಂಜಿನ್ ಇಡುವ ಜಾಗ. ತೋಟದ ಮನೆಯಲ್ಲಿ ಮಳೆ ಬಂದ ದಿನ ಅಡಿಕೆ, ಕೊಬ್ಬರಿ ಎತ್ತಿಡುವ ಜಾಗ. ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಒತ್ತುವ ಜಾಗ. ಅದೇ ಕೋಣೆ ಮುಂದಿನ ವರ್ಷ ಬಾಣಂತಿಯ ಕೋಣೆ, ಆಮೇಲೆ ಓದುವ ಕೋಣೆ, ಕೊನೆಗೆ ಅಜ್ಜ ಅಜ್ಜಿಯ ಕೋಣೆ.

ಕೋಣೆಯ ಒಳಗನ್ನು ನೋಡಿದೆವು. ಬಾಗಿಲೆರಡು, ಖಾಲಿ ನೆಲ, ಪಡುವಣಕ್ಕೆ ಬಚ್ಚಲು. ಇನ್ನು ನೀರು ಮತ್ತು ಕರೆಂಟು. ಎರಡೂ ಆರೋಗ್ಯದ ವಿಷಯ. ಕಿವಿಗೊಟ್ಟು ಕೇಳಿ.

ಪಾಯಖಾನೆಯ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ. ಬಾವಿಗಿಂತ ತಗ್ಗಿನ ಕಡೆಗೇ ಇರಲಿ. ಚಿರೇಕಲ್ಲಿನ ನೆಲದಲ್ಲಿ ಸಣ್ಣ ಸಣ್ಣ ಕೊಳವೆಗಳಂಥ ರಂಧ್ರಗಳಿವೆ. ಹೊಲಸು ನೀರು ಅವುಗಳಲ್ಲಿ ಬೇಗ ಸಾಗುತ್ತದೆ. ನಿಮ್ಮ ಬಾವಿಯಷ್ಟೇ ಮುಖ್ಯ ನೆರೆಮನೆಯ ಬಾವಿ. ಅದಕ್ಕೂ ಅಳತೆ ಹಿಡಿಯಿರಿ. ಕಾಸರಕೋಡ, ಕಾಗಾಲದಂಥ ಸಮುದ್ರದಂಚಿನ ಊರುಗಳಲ್ಲಿ ಮಳೆಗಾಲಕ್ಕೆ ನೆಲದಡಿಯ ನೀರು ಮೇಲೇರುತ್ತದೆ. ಅಲ್ಲಿ ತಳ ತೆರೆದ ಗುಂಡಿ ಸರಿಹೋಗದು. ತಳ, ಗೋಡೆ ಎಲ್ಲ ಮುಚ್ಚಿ ಕಟ್ಟಿದ ಸೆಪ್ಟಿಕ್ ಟ್ಯಾಂಕೇ ಬೇಕು.

ಇನ್ನು ಮಾಡಿನ ಮೇಲಿನ ನೀರು. ನಾನು ಹೇಳಿದ ಕಟ್ಟಡದ ಮಾಡು ಸೂರು ಸೇರಿ ಸುಮಾರು 600 ಚದರ ಅಡಿ ನೆಲವನ್ನು ಮುಚ್ಚುತ್ತದೆ. ನಮ್ಮ ಮಳೆಗೆ ಅಷ್ಟರ ಮೇಲೆ ವರ್ಷಕ್ಕೆ ಸುಮಾರು 2 ಲಕ್ಷ ಲೀಟರ್ ನೀರು ಬೀಳುತ್ತದೆ. ಈ ನೀರು ಗೋಡೆಯ ಬುಡದಲ್ಲಿ ಸುರಿದರೆ ಪಂಚಾಂಗಕ್ಕೆ ಕೆಡುಕು. ಸೂರಿನ ಕೆಳಗೆ ಕಲ್ಲು ಹಾಸಿದ ಗಟಾರ ಮಾಡಿ. ಇಲ್ಲವೇ ಸೂರಿಗೆ ದೋಣಿ ಕಟ್ಟಿ, ಜಲ್ಲಿ ಮರಳಿನ ತೊಟ್ಟಿಯಲ್ಲಿ ಸೋಸಿ, ಬಾವಿಯ ಹತ್ತಿರದ ಇಂಗುಗುಂಡಿಗೆ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಗೆ ಉಪ್ಪುನೀರು ಬರುವ ಊರುಗಳಿಗೆ ಇದು ದೊಡ್ಡ ಉಪಕಾರ.

ಕರೆಂಟಿನ ತಂತಿಯನ್ನು ಮರದಿಂದ ಮರಕ್ಕೆ ಎಳೆದು ತರಬೇಡಿ. ಪೈಪಿನೊಳಗೆ ನೆಲದಡಿಯಲ್ಲಿ ತನ್ನಿ. ಹೊಸ ಕಟ್ಟಡಕ್ಕೆ ಬೇರೆ ಅರ್ಥಿಂಗ್ ಮಾಡಿಸಿ. ಅಂಗಡಿಯಲ್ಲಿ ಆರ್‌ಸಿಸಿಬಿ ಎಂದು ಕೇಳಿ ಒಂದು ಸ್ವಿಚ್ಚು ತನ್ನಿ. ಒದ್ದೆ ಕೈಗೆ ಕರೆಂಟು ಹೊಡೆದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸರಬರಾಜು ನಿಲ್ಲಿಸುತ್ತದೆ. ಪ್ಲಗ್ಗುಗಳನ್ನು ನೆಲದಿಂದ 3 ಅಡಿ ಮೇಲೆ ಕೂರಿಸಿ. ಮತ್ತೆ, ಗೋಡೆಗೆ ತಾಗಿಸಿ ಕಟ್ಟಿಗೆ ಒಟ್ಟಬೇಡಿ. ಒಟ್ಟಿಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಮಗು ಮಲಗುವ ಕೋಣೆಯ ಜಾಲಂಧ್ರಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ.

ನೀರು, ಕರೆಂಟು ಆಯಿತು. ಕೊನೆಯದಾಗಿ ಕಾಗದಪತ್ರ, ಹಣ ಮತ್ತು ಕಾಲ.

ಹಿತ್ತಿಲಿನ ಕಟ್ಟಡಕ್ಕೆ ಪರವಾನಗಿ ಯಾಕೆ ಎನ್ನಬೇಡಿ. ಸಣ್ಣದಾದರೂ ಅದು ಕಟ್ಟಡವೇ. ಪಂಚಾಯತಿಗೋ ಪುರಸಭೆಗೋ ನಕ್ಷೆ ಕೊಟ್ಟು ಒಪ್ಪಿಗೆ ಪಡೆಯಿರಿ. ಸಮುದ್ರ ಮತ್ತು ಉಬ್ಬರದ ನೀರು ಬರುವ ಹೊಳೆ, ಗಜನಿಗಳ ಅಂಚಿನವರಿಗೆ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತದೆ. ನಿಮ್ಮ ಸರ್ವೆ ನಂಬರು ಆ ವಲಯದಲ್ಲಿ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿ. ನಮ್ಮ ಜಿಲ್ಲೆಯ ಬಹುಭಾಗ ಅರಣ್ಯ. ಹಿತ್ತಿಲಿನ ಗಡಿ ಎಲ್ಲಿ ಮುಗಿಯುತ್ತದೆ, ಅರಣ್ಯ ಎಲ್ಲಿ ಶುರುವಾಗುತ್ತದೆ ಎಂಬುದು ಪಹಣಿ ಮತ್ತು ನಕ್ಷೆಯಲ್ಲಿ ಸ್ಪಷ್ಟವಿರಲಿ.

ಜಾಗ ಅಣ್ಣತಮ್ಮಂದಿರ, ಅಕ್ಕತಂಗಿಯರ ಜಂಟಿ ಹೆಸರಿನಲ್ಲಿದ್ದರೆ ಎಲ್ಲರೂ ಕೂತು ಮಾತಾಡಿ. ಖರ್ಚು ಯಾರದು, ಉಪಯೋಗ ಯಾರದು, ಮುಂದೆ ಹಿಸ್ಸೆ ಆದಾಗ ಕಟ್ಟಡ ಯಾರ ಪಾಲಿಗೆ? ಇದನ್ನು ಬರೆದು ಎಲ್ಲರೂ ಸಹಿ ಹಾಕಿ. ಪರಊರಿನಲ್ಲಿರುವವರಿಗೂ ಫೋನಿನಲ್ಲಿ ಓದಿ ಹೇಳಿ. ಕುಟುಂಬವನ್ನು ಒಟ್ಟಿಗೆ ಇರಿಸಲು ಕಟ್ಟುವ ಕೋಣೆ ಕುಟುಂಬವನ್ನು ಒಡೆಯಬಾರದು.

ಹಣದ ವಿಚಾರದಲ್ಲಿ ಒಂದು ನಿಯಮ ಇಟ್ಟುಕೊಳ್ಳಿ. ಪಂಚಾಂಗ, ಮಾಡು, ಪಾಯಖಾನೆ ಈ ಮೂರರಲ್ಲಿ ಕಂಜೂಸಿ ಬೇಡ. ಹೊರಗಿನ ಗಿಲಾವು, ನೆಲದ ಹೊಳಪು ಟೈಲ್ಸು, ಕಪಾಟು, ಬಣ್ಣ ಇವು ಕಾಯಬಹುದು. ಲಾರಿ ಬೇಕರ್ ಹೆಸರು ನೀವು ಕೇಳಿರಬಹುದು. ಇಂಗ್ಲೆಂಡಿನಿಂದ ಬಂದು ಕೇರಳದಲ್ಲಿ ನೆಲೆಸಿ, ಕಡಿಮೆ ಖರ್ಚಿನ ಸಾವಿರಾರು ಕಟ್ಟಡ ಕಟ್ಟಿಸಿದ ವಾಸ್ತುಶಿಲ್ಪಿ. 2007ರಲ್ಲಿ ತೀರಿಕೊಂಡರು. ಅವರ ದಾರಿ ಸರಳ. ಹತ್ತಿರದಲ್ಲಿ ಸಿಗುವ ಸಾಮಗ್ರಿ, ಊರಿನ ಕೆಲಸಗಾರರು, ಬೇಡದ್ದನ್ನು ಬಿಡುವ ಧೈರ್ಯ. ನಮ್ಮ ಊರುಗಳಲ್ಲಿ ಚಿರೇಕಲ್ಲು ಕಟ್ಟುವ ಮೇಸ್ತ್ರಿಗಳು, ಹಂಚಿನ ಮಾಡು ಏರಿಸುವ ಬಡಗಿಗಳು ಇನ್ನೂ ಇದ್ದಾರೆ. ಅವರಿಗೆ ಕೆಲಸ ಕೊಡಿ. ಕೆಲಸವಿದ್ದರೆ ಮಾತ್ರ ಆ ವಿದ್ಯೆ ಅವರ ಮಕ್ಕಳಿಗೆ ದಾಟುತ್ತದೆ.

ಕಾಲದ ಲೆಕ್ಕ ಹೀಗಿರಲಿ. ಈ ಮಳೆಗಾಲದಲ್ಲಿ ಹಿತ್ತಿಲನ್ನು ಗಮನಿಸಿ. ದೀಪಾವಳಿ ಕಳೆದ ಮೇಲೆ ಪಂಚಾಂಗ. ಸಂಕ್ರಾಂತಿಯ ಹೊತ್ತಿಗೆ ಗೋಡೆ. ಯುಗಾದಿಗೆ ಮಾಡು. ಮೇ ತಿಂಗಳೊಳಗೆ ಬಾಗಿಲು, ಬಚ್ಚಲು, ಗಟಾರ. ಮೃಗಶಿರ ಮಳೆ ಬೀಳುವ ಮೊದಲು ಎಲ್ಲ ಮುಗಿದಿರಬೇಕು.

ಕೇಳುಗರೇ, ಹೇಳಿದ್ದನ್ನೆಲ್ಲ ಒಮ್ಮೆ ಕೂಡಿಸುತ್ತೇನೆ. ಮಹಡಿಗಿಂತ ಮೊದಲು ಹಿತ್ತಿಲು ನೋಡಿ. ಗುಡ್ಡ, ನೆರೆ, ನೀರಿನ ದಾರಿ ಬಿಟ್ಟು ಜಾಗ ಆರಿಸಿ. ಇಳಿಜಾರು ಮಾಡು, ಉದ್ದನೆಯ ಸೂರು, ಎತ್ತರದ ಪಂಚಾಂಗ ಇರಲಿ. ಪಡುವಣಕ್ಕೆ ಬಚ್ಚಲು, ಬಡಗಣಕ್ಕೆ ಜಗಲಿ, ಎರಡು ಬಾಗಿಲು, ಖಾಲಿ ನೆಲ. ಬಾವಿಯಿಂದ ಗುಂಡಿ ದೂರ. ಕಾಗದ ಸರಿ, ಮನೆಯವರ ಒಪ್ಪಿಗೆ ಸರಿ.

ಇದರಲ್ಲಿ ಮೊದಲ ಕೆಲಸಕ್ಕೆ ಒಂದು ಪೈಸೆಯೂ ಬೇಡ. ಮುಂದಿನ ಜೋರು ಮಳೆಯ ದಿನ ಕೊಡೆ ಹಿಡಿದು ನಿಮ್ಮ ಹಿತ್ತಿಲಿಗೆ ಹೋಗಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ನೀರು ನಿಂತಲ್ಲೆಲ್ಲ, ಹರಿದಲ್ಲೆಲ್ಲ ಒಂದೊಂದು ಗೂಟ ಹೊಡೆಯಿರಿ. ಗೂಟವಿಲ್ಲದ ಜಾಗದಲ್ಲಿ ಕಟ್ಟಿರಿ.